ಸೂಜಿಯ ನೋವಿಗೆ ತಾಯಿತಂದೆಯರ ಮಡಿಲು



ಲಸಿಕೆ ಹಾಕುವ ದಿನ ತಿಕೋಟಾದ ಸರಕಾರಿ ದವಾಖಾನೆಯಲ್ಲಾಗಲಿ, ಬಬಲೇಶ್ವರದಲ್ಲಾಗಲಿ, ವಿಜಯಪುರ ನಗರದ ಯಾವುದೇ ಓಣಿಯ ಅಂಗನವಾಡಿಯಲ್ಲಾಗಲಿ ಕಂಡುಬರುವ ನೋಟ ಒಂದೇ. ಒಳಗೆ ಒಂದು ಕೂಸು ಚೀರಿತೆಂದರೆ, ಹೊರಗೆ ಸರದಿಗಾಗಿ ಕಾದಿರುವ ಕೂಸುಗಳೂ ದನಿಗೂಡಿಸುತ್ತವೆ. ಎಳೆಯ ತಾಯಿ ಮುಖ ಹೊರಳಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಒಳಗೆ ಬರಲು ಮನಸ್ಸಾಗದೆ ತಂದೆಯು ಬೇವಿನ ಮರದ ನೆರಳಿನಲ್ಲಿಯೇ ನಿಂತುಬಿಡುತ್ತಾನೆ. ಅಜ್ಜಿಯಂತೂ "ಹಾಲಗೂಸಿಗೆ ಎಷ್ಟ ಸೂಜಿ ಮಾಡ್ತಾರವ್ವಾ" ಎಂದು ಮರುಗುತ್ತಾಳೆ.

ಈ ಮರುಕ ಸಹಜವಾದದ್ದು. ಹೆತ್ತ ಕರುಳು ಮರುಗದೆ ಇರಲಾರದು. ಆದರೆ ಲಸಿಕೆಯನ್ನು ಬಿಡುವಂತಿಲ್ಲ. ಕೂಸಿನ ನೋವನ್ನು ಕಡೆಗಣಿಸುವಂತೆಯೂ ಇಲ್ಲ. ಇವೆರಡನ್ನೂ ಸರಿದೂಗಿಸುವ ಹಾದಿಯೊಂದಿದೆ. ಅದಕ್ಕೆ ಯಾವ ಔಷಧಿಯೂ ಬೇಡ, ಹಣವೂ ಬೇಡ. ತಾಯಿಯ ಎದೆಹಾಲು, ತಂದೆಯ ತೋಳು, ಇಬ್ಬರ ಸವಿಮಾತು ಇಷ್ಟಿದ್ದರೆ ಸಾಕು. ಅದನ್ನು ಹೇಗೆ, ಯಾವಾಗ ಬಳಸಬೇಕೆಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಹಸುಗೂಸಿಗೆ ನೋವು ತಿಳಿಯುವುದೇ?

ತಿಳಿಯುತ್ತದೆ. ಹುಟ್ಟಿದ ದಿನದಿಂದಲೇ ತಿಳಿಯುತ್ತದೆ. ಆದರೆ ಹಸುಗೂಸಿಗೆ ನೋವಿನ ಅರಿವಿಲ್ಲವೆಂಬ ತಪ್ಪು ಕಲ್ಪನೆ ಬಹುಕಾಲ ವೈದ್ಯರಲ್ಲಿಯೂ ಇತ್ತು. 1980ರ ದಶಕದವರೆಗೂ ಅನೇಕ ದೇಶಗಳಲ್ಲಿ ನವಜಾತ ಶಿಶುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದುದುಂಟು. ಭಾರತೀಯ ಮೂಲದ ವೈದ್ಯರಾದ ಡಾ. ಕೆ.ಜೆ.ಎಸ್. ಆನಂದ್ ಅವರು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನಡೆಸಿದ ಅಧ್ಯಯನವು 1987ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ವೇಳೆ ನೋವನ್ನು ಚೆನ್ನಾಗಿ ತಡೆದಾಗ ಶಿಶುವಿನ ದೇಹಕ್ಕೆ ತಗಲುವ ಆಘಾತವೂ, ಆಮೇಲಿನ ತೊಂದರೆಗಳೂ ಕಡಿಮೆಯಾಗುವುವೆಂದು ಅದು ತೋರಿಸಿಕೊಟ್ಟಿತು. ಅಂದಿನಿಂದ ವೈದ್ಯಲೋಕದ ದೃಷ್ಟಿ ಬದಲಾಯಿತು.

ನೋವಿನ ನೆನಪೂ ಉಳಿಯುತ್ತದೆ. ಹುಟ್ಟಿದ ಹೊಸದರಲ್ಲಿ ಅರಿವಳಿಕೆಯಿಲ್ಲದೆ ಸಣ್ಣ ಶಸ್ತ್ರಕ್ರಿಯೆಗೆ ಒಳಗಾದ ಶಿಶುಗಳು, ನಾಲ್ಕಾರು ತಿಂಗಳ ನಂತರ ಲಸಿಕೆ ಹಾಕಿಸಿಕೊಳ್ಳುವಾಗ ಇತರ ಶಿಶುಗಳಿಗಿಂತ ಹೆಚ್ಚು ನೋವನ್ನು ತೋರಿದವೆಂದು ಕೆನಡಾದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ಆದುದರಿಂದ "ಕೂಸು ಅತ್ತರೇನಂತೆ, ಒಂದು ಗಳಿಗೆಯಲ್ಲಿ ಮರೆಯುತ್ತದೆ" ಎಂಬ ಮಾತು ಪೂರ್ತಿ ನಿಜವಲ್ಲ.

ನೋವಿನ ದಾರಿ, ಸಾಂತ್ವನದ ದಾರಿ

ತೊಡೆಗೆ ಸೂಜಿ ತಾಗಿದಾಗ ಆ ಸುದ್ದಿಯು ನರಗಳ ಮೂಲಕ ಬೆನ್ನುಹುರಿಯನ್ನು ಸೇರಿ, ಅಲ್ಲಿಂದ ಮೆದುಳಿಗೆ ಏರುತ್ತದೆ. ಮೆದುಳಿಗೆ ಮುಟ್ಟಿದ ಬಳಿಕವೇ ನೋವು ನೋವೆನಿಸುವುದು. ಈ ದಾರಿಯಲ್ಲಿ ಒಂದು ಬಾಗಿಲಿದ್ದಂತೆ ಇದೆಯೆಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ವಿವರಿಸಿದರು. ಹಿತವಾದ ಸ್ಪರ್ಶದ ಸುದ್ದಿಯೂ ಅದೇ ಹೊತ್ತಿಗೆ ಬಂದರೆ ಈ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ನೋವಿನ ಸುದ್ದಿ ಅಷ್ಟು ಬಲವಾಗಿ ಮೇಲೇರುವುದಿಲ್ಲ. ಗಮನ ಬೇರೆಡೆಗೆ ಹರಿದಾಗಲೂ, ಮನಸ್ಸಿಗೆ ಧೈರ್ಯವಿದ್ದಾಗಲೂ ನೋವು ತಗ್ಗುತ್ತದೆ. ಭಯವಾದರೋ ಅದೇ ನೋವನ್ನು ಹಿಗ್ಗಿಸುತ್ತದೆ. ಎಡವಿ ಬಿದ್ದ ಮಗುವನ್ನು ಎತ್ತಿ ಎದೆಗಪ್ಪಿಕೊಳ್ಳುವ ತಾಯಿಗೆ ಈ ವಿಜ್ಞಾನ ಓದಿ ತಿಳಿಯಬೇಕಾದದ್ದಲ್ಲ. ಅವಳ ಕೈಗೇ ಅದು ಗೊತ್ತಿದೆ. ಅದನ್ನು ಲಸಿಕೆಯ ವೇಳೆಯಲ್ಲಿಯೂ ಬಳಸಬೇಕೆಂಬುದಷ್ಟೇ ನಮ್ಮ ಬಿನ್ನಹ.

ವಿಶ್ವ ಆರೋಗ್ಯ ಸಂಸ್ಥೆಯು 2015ರ ಸೆಪ್ಟೆಂಬರಿನಲ್ಲಿ ಲಸಿಕೆಯ ನೋವನ್ನು ತಗ್ಗಿಸುವ ಬಗ್ಗೆ ಎಲ್ಲ ದೇಶಗಳಿಗೂ ಸಲಹೆ ನೀಡಿದೆ. ಲಸಿಕೆ ಹಾಕುವಾಗ ತಾಯಿ ಅಥವಾ ತಂದೆ ಜೊತೆಗಿರಬೇಕು, ಮಗುವನ್ನು ಎತ್ತಿ ಹಿಡಿದಿರಬೇಕು, ಎಳೆಗೂಸಿಗೆ ಎದೆಹಾಲು ಕೊಡಬೇಕು, ಆರು ವರ್ಷದೊಳಗಿನ ಮಗುವಿನ ಗಮನವನ್ನು ಬೇರೆಡೆಗೆ ಸೆಳೆಯಬೇಕು ಎಂಬುವೇ ಅದರ ಮುಖ್ಯ ಅಂಶಗಳು.

ಅಳುವಿಗೆ ಹೆದರಿ ಬಿಟ್ಟ ಲಸಿಕೆ

ತಿಕೋಟಾ ಸೀಮೆಯ ಒಂದು ದ್ರಾಕ್ಷಿ ತೋಟದ ಮನೆಯನ್ನು ಕಲ್ಪಿಸಿಕೊಳ್ಳಿರಿ. ಚೊಚ್ಚಲ ಕೂಸಿಗೆ ಆರು ವಾರ ತುಂಬಿದೆ. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಂತೆ ಅಂದು ಬಾಯಿಗೆ ಪೋಲಿಯೋ ಹಾಗೂ ರೋಟಾ ವೈರಸ್ ಹನಿಗಳು. ಜೊತೆಗೆ ಮೂರು ಸೂಜಿಗಳು. ತೊಡೆಗೆ ಪೆಂಟಾವ್ಯಾಲೆಂಟ್, ಇನ್ನೊಂದು ತೊಡೆಗೆ ನ್ಯುಮೋನಿಯಾ ತಡೆಯುವ ಪಿ.ಸಿ.ವಿ., ತೋಳಿಗೆ ಪೋಲಿಯೋ ಚುಚ್ಚುಮದ್ದು. ತಾಯಿಗೆ ನೋಡಲಾಗದೆ ಕೂಸನ್ನು ನೆರೆಮನೆಯವಳ ಕೈಗಿತ್ತು ಹೊರಗೆ ಹೋಗುತ್ತಾಳೆ. ತಂದೆ ತೋಟದಲ್ಲಿದ್ದಾನೆ. ಅಪರಿಚಿತ ಕೈಗಳಲ್ಲಿ ಕೂಸು ಉಸಿರು ಕಟ್ಟುವಂತೆ ಅಳುತ್ತದೆ. ಸಂಜೆಗೆ ಮೈ ಬಿಸಿಯಾಗುತ್ತದೆ, ತೊಡೆ ಸ್ವಲ್ಪ ಊದಿಕೊಳ್ಳುತ್ತದೆ. "ಇನ್ನ ಸಾಕು, ನಮ್ಮ ಕೂಸಿಗೆ ಈ ಸೂಜಿ ಆಗಿ ಬರೂದಿಲ್ಲ" ಎಂದು ಮನೆಯ ಹಿರಿಯರು ತೀರ್ಮಾನಿಸುತ್ತಾರೆ. ಹತ್ತನೆಯ ವಾರ ಕಳೆಯುತ್ತದೆ. ತಾಯಿ ಕಾರ್ಡು ಪೆಟ್ಟಿಗೆಯ ತಳ ಸೇರುತ್ತದೆ.

ಈ ಮನೆಯವರು ಕೂಸಿನ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡಿದರು. ಆದರೆ ಫಲವೇನಾಯಿತು? ಪೆಂಟಾವ್ಯಾಲೆಂಟ್ ಲಸಿಕೆಯು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ ಬಿ, ಹಾಗೂ ಹಿಬ್ ಎಂಬ ರೋಗಾಣುವಿನಿಂದ ಬರುವ ಮೆದುಳುಪೊರೆಯ ಉರಿಯೂತ ಮತ್ತು ನ್ಯುಮೋನಿಯಾ, ಈ ಐದರಿಂದ ಕಾಪಾಡುತ್ತದೆ. ಒಂದೇ ಸಲ ಹಾಕಿಸಿದರೆ ಆ ರಕ್ಷಣೆ ಪೂರ್ಣವಾಗದು; 6, 10 ಹಾಗೂ 14ನೇ ವಾರಗಳಲ್ಲಿ ಮೂರೂ ಸಲ ಹಾಕಿಸಬೇಕು. ನಾಯಿಕೆಮ್ಮು ಎಳೆಗೂಸುಗಳ ಪಾಲಿಗೆ ಎಷ್ಟು ಕ್ರೂರವೆಂಬುದನ್ನು ಹಿರಿಯರು ಬಲ್ಲರು. ಸೂಜಿಯ ನೋವು ನಿಮಿಷಗಳದ್ದು. ರೋಗದ ನೋವು ವಾರಗಳದ್ದು, ಕೆಲವೊಮ್ಮೆ ಜೀವಕ್ಕೇ ಎರವಾಗುವಂಥದ್ದು.

ಇನ್ನೊಂದು ಮಾತನ್ನೂ ಗಮನಿಸಿರಿ. ಅಂದು ಆ ತಾಯಿಯ ಮಡಿಲಲ್ಲಿಯೇ ಕೂಸು ಇದ್ದಿದ್ದರೆ, ಅಳು ಬೇಗ ನಿಂತಿದ್ದರೆ, ಜ್ವರವು ಬರಬಹುದಾದದ್ದೇ ಎಂದು ಮನೆಯವರಿಗೆ ಮೊದಲೇ ತಿಳಿದಿದ್ದರೆ, ಹತ್ತನೆಯ ವಾರವು ತಪ್ಪುತ್ತಿರಲಿಲ್ಲ. ನೋವನ್ನು ತಗ್ಗಿಸುವುದು ಕೇವಲ ಮುದ್ದು ಮಾಡುವ ಕೆಲಸವಲ್ಲ. ಮುಂದಿನ ಲಸಿಕೆಗೆ ದಾರಿ ತೆರೆದಿಡುವ ಕೆಲಸ. ತಪ್ಪಿಹೋದ ಲಸಿಕೆಯನ್ನು ಮೊದಲಿನಿಂದ ಆರಂಭಿಸಬೇಕಿಲ್ಲ; ಬಿಟ್ಟಲ್ಲಿಂದ ಮುಂದುವರಿಸಬಹುದು. ಆದುದರಿಂದ ತಡವಾಯಿತೆಂದು ನಾಚಿ ಮನೆಯಲ್ಲಿ ಕೂಡಬೇಡಿರಿ.

ಮನೆಯಿಂದ ಹೊರಡುವ ಮುನ್ನ

1. ಸಾಧ್ಯವಿದ್ದಷ್ಟೂ ದಂಪತಿಗಳಿಬ್ಬರೂ ಕೂಡಿ ಹೋಗಿರಿ. ತಾಯಿ ಕಾರ್ಡನ್ನು ಮರೆಯಬೇಡಿರಿ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವೆಗಳಿಗೆ ಹೋಗುವ ಕುಟುಂಬಗಳು ಕಾರ್ಡನ್ನು ಜೊತೆಗೇ ಒಯ್ದರೆ ಅಲ್ಲಿಯೂ ಲಸಿಕೆ ಹಾಕಿಸಬಹುದು.

2. ಕೂಸಿಗೆ ಸಡಿಲವಾದ, ತೊಡೆ ಹಾಗೂ ತೋಳುಗಳನ್ನು ಬೇಗ ತೆರೆಯಲು ಬರುವ ಉಡುಪು ಹಾಕಿರಿ. ಬಿಗಿಯಾದ ಅಂಗಿಯನ್ನು ಎಳೆದಾಡುವಾಗಲೇ ಕೂಸು ಅರ್ಧ ಹೆದರಿಬಿಡುತ್ತದೆ.

3. ತಾಯಿಯೂ ಹಾಲಿಗೆ ಅನುಕೂಲವಾದ ಕುಪ್ಪಸ ತೊಟ್ಟಿರಲಿ. ಮರೆಗೆ ಒಂದು ಸೀರೆಯ ತುಂಡು ಅಥವಾ ಟವೆಲ್ ಇದ್ದರೆ ಸಂಕೋಚವಿರುವುದಿಲ್ಲ.

4. ಬಲ್ಲ ಆಟಿಕೆಯೊಂದನ್ನು ಕೊಂಡೊಯ್ಯಿರಿ. ಗಿಲಕಿಯಾಗಲಿ, ಸಿದ್ಧೇಶ್ವರ ಜಾತ್ರೆಯಲ್ಲಿ ಕೊಂಡ ಪೀಪಿಯಾಗಲಿ, ಬಣ್ಣದ ಪುಗ್ಗೆಯಾಗಲಿ ಸಾಕು.

ಎದೆಹಾಲು ಕುಡಿಯುವ ಕೂಸಿಗೆ

ಸೂಜಿಯ ನೋವನ್ನು ತಗ್ಗಿಸುವ ಸಾಧನಗಳಲ್ಲಿ ಎದೆಹಾಲಿಗೆ ಮೊದಲ ಸ್ಥಾನ. ಅದರಲ್ಲಿ ಹಾಲಿನ ಸವಿಯಿದೆ, ಚೀಪುವ ಕ್ರಿಯೆಯ ಸಮಾಧಾನವಿದೆ, ತಾಯಿಯ ಮೈಯ ಬಿಸುಪು ಮತ್ತು ವಾಸನೆಯ ಅಭಯವಿದೆ. ಇವೆಲ್ಲವೂ ಒಟ್ಟಿಗೆ ಒದಗುವುದರಿಂದಲೇ ಅದರ ಫಲ ದೊಡ್ಡದು.

ಕ್ರಮ ಹೀಗಿರಲಿ. ಬಾಯಿಯ ಹನಿಗಳು ಮೊದಲು ಮುಗಿಯಲಿ. ಬಳಿಕ ತಾಯಿ ಆರಾಮವಾಗಿ ಕುಳಿತು, ಕೂಸನ್ನು ಮಡಿಲಲ್ಲಿ ತನ್ನತ್ತ ತಿರುಗಿಸಿಕೊಂಡು ಮೊಲೆಯೂಡಲಿ. ಕೂಸು ಚೆನ್ನಾಗಿ ಹಿಡಿದು ಗುಟುಕರಿಸತೊಡಗಿದ ಒಂದೆರಡು ನಿಮಿಷಗಳ ನಂತರ ದಾದಿಯು ಸೂಜಿ ಹಾಕಲಿ. ಸೂಜಿ ತಾಗಿದಾಗ ಕೂಸು ಬೆಚ್ಚಿ ಬಾಯಿ ಬಿಟ್ಟರೆ ಗಾಬರಿಯಾಗದೆ ಮತ್ತೆ ಮೊಲೆಗೆ ಹಚ್ಚಿರಿ. ಎಲ್ಲ ಸೂಜಿಗಳೂ ಮುಗಿದ ಮೇಲೆಯೂ ಕೆಲವು ನಿಮಿಷ ಊಡಿಸುವುದನ್ನು ಮುಂದುವರಿಸಿರಿ.

"ಕುಡಿಯುವಾಗ ಚುಚ್ಚಿದರೆ ಹಾಲು ನೆತ್ತಿಗೇರುತ್ತದೆ" ಎಂಬ ಅಂಜಿಕೆ ನಮ್ಮಲ್ಲಿದೆ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಅಂಥ ತೊಂದರೆ ಕಂಡುಬಂದಿಲ್ಲ. ತಲೆಯ ಭಾಗವನ್ನು ತುಸು ಎತ್ತರದಲ್ಲಿ ಹಿಡಿದುಕೊಂಡರೆ ಸಾಕು. ಆದರೂ ಮನಸ್ಸು ಒಪ್ಪದಿದ್ದರೆ, ಸೂಜಿಗೆ ತುಸು ಮೊದಲು ಊಡಿಸಿ, ಸೂಜಿಯ ಹೊತ್ತಿಗೆ ಎದೆಗಪ್ಪಿಕೊಂಡು, ಮುಗಿದ ಕೂಡಲೇ ಮತ್ತೆ ಊಡಿಸಿರಿ. ಎದೆಹಾಲಿನಿಂದ ಪೋಲಿಯೋ ಹನಿಯ ಶಕ್ತಿ ಕುಂದುವುದೆಂಬ ಮಾತಿಗೂ ಆಧಾರವಿಲ್ಲ.

ಹುಟ್ಟಿದ ಕೂಸಿಗೆ ಬಿ.ಸಿ.ಜಿ. ಹಾಗೂ ಕಾಮಾಲೆ ಬಿ ಲಸಿಕೆ ಹಾಕುವಾಗ, ಇಲ್ಲವೇ ಹಿಮ್ಮಡಿಯಿಂದ ರಕ್ತ ತೆಗೆಯುವಾಗ ಬರಿಮೈಯ ಕೂಸನ್ನು ತಾಯಿಯ ಬರಿಯೆದೆಯ ಮೇಲೆ ಮಲಗಿಸಿ ಮೇಲೆ ಕೌದಿ ಹೊದಿಸಿಕೊಳ್ಳುವುದು ಬಹಳ ಒಳ್ಳೆಯದು. ತಾಯಿಗೆ ಆಯಾಸವಿದ್ದರೆ ತಂದೆಯ ಎದೆಯೂ ಆದೀತು.

ಸವಿಗಾಗಿ ಮನೆಯಲ್ಲಿ ಬೆಲ್ಲದ ನೀರು, ಸಕ್ಕರೆ ನೀರು, ಜೇನುತುಪ್ಪಗಳನ್ನು ನೆಕ್ಕಿಸಬೇಡಿರಿ. ಆರು ತಿಂಗಳವರೆಗೆ ಎದೆಹಾಲೊಂದೇ ಆಹಾರ. ಜೇನುತುಪ್ಪದಿಂದ ಒಂದು ವರ್ಷದೊಳಗಿನ ಕೂಸಿಗೆ ಅಪಾಯವೂ ಉಂಟು. ದವಾಖಾನೆಗಳಲ್ಲಿ ಕೆಲವೊಮ್ಮೆ ಅಳತೆಯ ಸಿಹಿ ದ್ರವದ ಹನಿಗಳನ್ನು ಕೊಡುವುದುಂಟು. ಅದು ವೈದ್ಯರ ನಿರ್ಧಾರಕ್ಕೆ ಬಿಟ್ಟದ್ದು.

ವರ್ಷ ದಾಟಿದ ಮಗುವಿಗೆ

16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ ಎರಡನೆಯ ಸಲ, ಡಿ.ಪಿ.ಟಿ. ಬಲವರ್ಧಕ, ಐದಾರು ವರ್ಷಕ್ಕೆ ಮತ್ತೊಂದು ಡಿ.ಪಿ.ಟಿ. ಈ ವಯಸ್ಸಿನ ಮಕ್ಕಳು ಸೂಜಿಯನ್ನು ಕಂಡು ಗುರುತಿಸುತ್ತಾರೆ. ಇವರಿಗೆ ಮಾತು, ಹಿಡಿಯುವ ರೀತಿ, ಆಟ ಈ ಮೂರೂ ಬೇಕು.

ಮಾತು: "ಏನೂ ಮಾಡೂದಿಲ್ಲ, ಬರೇ ನೋಡ್ತಾರ" ಎಂದು ಸುಳ್ಳು ಹೇಳಿ ಕರೆದೊಯ್ಯಬೇಡಿರಿ. ಒಮ್ಮೆ ಮೋಸಹೋದ ಮಗು ಮುಂದಿನ ಸಲ ದವಾಖಾನೆಯ ಹೊಸ್ತಿಲಲ್ಲೇ ರಂಪ ಮಾಡುತ್ತದೆ. "ಒಂದೀಟ ಚುರ್ ಅಂತೈತಿ, ಲಗೂನ ಮುಗೀತೈತಿ. ನಾ ನಿನ್ನ ಹಿಡ್ಕೊಂಡೇ ಇರ್ತೀನಿ" ಎಂದು ನಿಜವನ್ನೇ ಮೆತ್ತಗೆ ಹೇಳಿರಿ. ಮೂರ್ನಾಲ್ಕು ವರ್ಷದ ಮಗುವಿಗೆ ಅಂದೇ ಬೆಳಿಗ್ಗೆ ಹೇಳಿದರೆ ಸಾಕು. ವಾರದ ಮೊದಲೇ ಹೇಳಿ ಚಿಂತೆಗೆ ಹಚ್ಚಬಾರದು.

ಹಿಡಿಯುವ ರೀತಿ: ಮಗುವನ್ನು ಮೇಜಿನ ಮೇಲೆ ಅಂಗಾತ ಕೆಡವಿ ನಾಲ್ವರು ಅದುಮುವುದು ಸಲ್ಲದು, ಅದರಿಂದ ನೋವಿಗಿಂತ ಭಯವೇ ದೊಡ್ಡದಾಗುತ್ತದೆ. ತಾಯಿ ಅಥವಾ ತಂದೆ ಕುಳಿತು ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂಡ್ರಿಸಿಕೊಂಡು ಎದೆಗಪ್ಪಿಕೊಳ್ಳಲಿ. ಮಗುವಿನ ಒಂದು ಕೈ ತಮ್ಮ ಬೆನ್ನ ಹಿಂದೆ ಬಳಸಿರಲಿ, ಇನ್ನೊಂದನ್ನು ಮೆತ್ತಗೆ ಹಿಡಿದಿರಲಿ. ಕಾಲುಗಳು ತಮ್ಮ ಮೊಣಕಾಲುಗಳ ನಡುವೆ ಇರಲಿ. ಹೀಗೆ ಹಿಡಿದರೆ ಮಗು ಅಲುಗಾಡಿ ಸೂಜಿ ಜಾರುವುದೂ ತಪ್ಪುತ್ತದೆ.

ಆಟ: ಸೂಜಿಗೆ ಮುಂಚಿನಿಂದಲೇ ಆಟ ಆರಂಭವಾಗಬೇಕು. ಮೂರು ವರ್ಷದ ಮೇಲಿನ ಮಗುವಿಗೆ ಪೀಪಿ ಊದಿಸಿರಿ; ಇಲ್ಲವೇ ಉರಿವ ದೀಪವನ್ನು ಆರಿಸುವಂತೆ ಉದ್ದನೆಯ ಉಸಿರು ಬಿಡಿಸಿರಿ. ತೋಟದ ಮಗುವಾದರೆ "ನಮ್ಮ ಬಳ್ಳಿಯೊಳಗ ಎಷ್ಟ ದ್ರಾಕ್ಷಿ ಗೊನಿ ಅದಾವು, ಎಣಿಸು" ಎಂದು ಕೇಳಿರಿ. ವಿಜಯಪುರದ ಮಗುವಾದರೆ ಗೋಳಗುಮ್ಮಟದ ಒಳಗೆ ಕೂಗಿದ ದನಿ ಮರಳಿ ಮರಳಿ ಕೇಳುವುದನ್ನು ನೆನಪಿಸಿ, ನೀವು ಒಂದು ಸಲ "ಓ" ಎಂದಾಗ ಅದು ಮರುದನಿಯಾಗಿ ಏಳು ಸಲ "ಓ" ಎನ್ನಲಿ. ಏಳು ಮುಗಿಯುವುದರೊಳಗೆ ಸೂಜಿಯೂ ಮುಗಿದಿರುತ್ತದೆ. ಮಗು ಸೂಜಿಯನ್ನು ನೋಡಲೇಬೇಕೆಂದು ಹಟ ಹಿಡಿದರೆ ನೋಡಲಿ. ಬಲವಂತವಾಗಿ ಕಣ್ಣು ಮುಚ್ಚಿಸಬೇಡಿರಿ.

ತಂದೆಯ ಪಾಲು

ಲಸಿಕೆಯು ಹೆಂಗಸರ ಕೆಲಸವೆಂದು ತಿಳಿದು ಹೊರಗೆ ನಿಲ್ಲುವ ತಂದೆಯರಿಗೆ ಒಂದು ಮಾತು. ಹೆರಿಗೆಯಾಗಿ ಆರು ವಾರ ಕಳೆದಿರುವ ನಿಮ್ಮ ಹೆಂಡತಿಯ ಮೈಮನಗಳು ಇನ್ನೂ ಬಳಲಿರುತ್ತವೆ. ಅವಳ ಕೈ ನಡುಗಿದರೆ ಕೂಸಿಗೂ ಅದು ತಿಳಿಯುತ್ತದೆ. ನೀವು ಪಕ್ಕದಲ್ಲಿ ನಿಂತು ಅವಳ ಭುಜದ ಮೇಲೆ ಕೈಯಿಟ್ಟರೆ ಅವಳಿಗೆ ಧೈರ್ಯ. ಅವಳಿಗೆ ಧೈರ್ಯ ಬಂದರೆ ಕೂಸಿಗೂ ನೆಮ್ಮದಿ. ಅವಳಿಗೆ ನೋಡಲಾಗದಿದ್ದರೆ ಕೂಸನ್ನು ನೀವೇ ಹಿಡಿದುಕೊಳ್ಳಿರಿ. ಮನೆಯ ಹಿರಿಯರು "ಸಾಕು" ಎಂದಾಗ ವಿನಯದಿಂದ ತಿಳಿಹೇಳುವ ಹೊಣೆಯೂ ನಿಮ್ಮದೇ. ಮುತ್ಯಾನ ತೋಳಿನ ಮೇಲಿರುವ ಸಿಡುಬಿನ ಲಸಿಕೆಯ ಕಲೆಯನ್ನು ತೋರಿಸಿ ಕೇಳಿರಿ: ಅಂದು ಮನೆಮನೆಯಲ್ಲಿ ಅದನ್ನು ಹಾಕಿಸಿಕೊಂಡದ್ದರಿಂದಲ್ಲವೇ 1977ರಲ್ಲಿ ನಮ್ಮ ದೇಶ ಸಿಡುಬಿನಿಂದ ಮುಕ್ತವಾದದ್ದು? 2014ರ ಮಾರ್ಚಿ 27ರಂದು ಭಾರತಕ್ಕೆ ಪೋಲಿಯೋ ಮುಕ್ತ ಪ್ರಮಾಣಪತ್ರ ದೊರೆತದ್ದೂ ಹೀಗೆಯೇ.

ಮಾಡಬಾರದ ಕೆಲಸಗಳು

1. "ಸುಮ್ಮ ಕೂಡು, ಇಲ್ಲಂದ್ರ ಸೂಜಿ ಮಾಡಸ್ತೀನಿ ನೋಡು" ಎಂದು ಮನೆಯಲ್ಲಿ ಎಂದೂ ಹೆದರಿಸಬೇಡಿರಿ. ಕಾಪಾಡುವ ವಸ್ತುವನ್ನು ಶಿಕ್ಷೆಯೆಂದು ಕಲಿಸಿದಂತಾಗುತ್ತದೆ.

2. ಅಳುವ ಮಗುವನ್ನು "ಗಂಡಮಗ ಆಗಿ ಅಳ್ತೀಯೇನು" ಎಂದು ಹೀಯಾಳಿಸಬೇಡಿರಿ. ಅಳುವುದು ತಪ್ಪಲ್ಲ.

3. ಸೂಜಿ ಹಾಕಿದ ಜಾಗವನ್ನು ತಿಕ್ಕಬೇಡಿರಿ. ಅರಳೆಯಿಂದ ಹಗುರಾಗಿ ಒತ್ತಿ ಹಿಡಿದರೆ ಸಾಕು.

4. ಆ ಜಾಗಕ್ಕೆ ಅರಿಶಿನ, ಸುಣ್ಣ, ಬೆಣ್ಣೆ, ಬೂದಿ ಯಾವುದನ್ನೂ ಹಚ್ಚಬೇಡಿರಿ. ಜ್ವರಕ್ಕಾಗಲಿ, ಅಳುವಿಗಾಗಲಿ ಬರೆ ಹಾಕುವುದು ಘೋರ ತಪ್ಪು. ನೋವಿಗೆ ನೋವು ಸೇರಿಸಿದಂತೆ, ಕೂಸಿನ ಜೀವಕ್ಕೂ ಗಂಡಾಂತರ.

5. ನೋವಾಗದಿರಲೆಂದು ಮುಂಚಿತವಾಗಿ ಜ್ವರದ ಔಷಧಿ ಕುಡಿಸಬೇಡಿರಿ. ಲಸಿಕೆಯ ನಂತರ ಜ್ವರ ಬಂದರೆ ದಾದಿಯು ತಿಳಿಸಿದ ಪ್ರಮಾಣದಲ್ಲಿ ಮಾತ್ರ ಕೊಡಿರಿ.

ಸೂಜಿಯ ನಂತರ

ಕೂಸನ್ನು ಎದೆಗಪ್ಪಿಕೊಂಡೇ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ಒಂದೆರಡು ದಿನ ಸಣ್ಣ ಜ್ವರ, ತೊಡೆಯಲ್ಲಿ ನೋವು, ತುಸು ಬಾವು ಇರಬಹುದು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಬಾವಿನ ಮೇಲಿಟ್ಟರೆ ಹಿತವಾಗುತ್ತದೆ. ಬಿ.ಸಿ.ಜಿ. ಹಾಕಿದ ಎಡತೋಳಿನಲ್ಲಿ ಕೆಲವು ವಾರಗಳ ನಂತರ ಸಣ್ಣ ಗುಳ್ಳೆಯೆದ್ದು, ಒಡೆದು, ತಾನಾಗಿಯೇ ಮಾಯ್ದು ಕಲೆಯಾಗುತ್ತದೆ. ಅದಕ್ಕೆ ಔಷಧಿ ಬೇಡ. ಆದರೆ ಜ್ವರ ಬಹಳ ಏರಿದರೆ, ಫಿಟ್ಸ್ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ, ಮೂರು ಗಂಟೆಯಾದರೂ ಅಳು ನಿಲ್ಲದಿದ್ದರೆ, ಕೂಸು ಮಂಕಾಗಿ ಹಾಲು ಬಿಟ್ಟರೆ ತಡಮಾಡದೆ ದವಾಖಾನೆಗೆ ಒಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿರಿ.

ಇತರ ಸೂಜಿಗಳ ವೇಳೆಯಲ್ಲಿಯೂ

ರಕ್ತಪರೀಕ್ಷೆ, ಸಲಾಯಿನ್ ಹಚ್ಚುವುದು, ಗಾಯವಾದಾಗ ಕೊಡುವ ಧನುರ್ವಾಯು ಚುಚ್ಚುಮದ್ದು ಇವೆಲ್ಲಕ್ಕೂ ಇದೇ ರೀತಿ ಸಲ್ಲುತ್ತದೆ. ನಾಯಿ ಕಡಿದಾಗಲಂತೂ ಇದರ ಮಹತ್ವ ಹೆಚ್ಚು. ಗಾಯವನ್ನು ಕೂಡಲೇ ಹರಿಯುವ ನೀರು ಹಾಗೂ ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ದವಾಖಾನೆಗೆ ಹೋಗಬೇಕು. ಬೇರೆ ಬೇರೆ ದಿನಗಳಂದು ಹಲವು ಸಲ ಸೂಜಿ ಹಾಕಿಸಬೇಕು. ಮೊದಲ ದಿನ ಮಗುವನ್ನು ಬೆದರಿಸಿ, ಅದುಮಿ ಹಾಕಿಸಿದರೆ ಉಳಿದ ದಿನಗಳಂದು ಅದು ಬರಲೊಲ್ಲದು. ಹುಚ್ಚುನಾಯಿ ರೋಗವಾದರೋ ಒಮ್ಮೆ ತಲೆದೋರಿದರೆ ಉಳಿಗಾಲವಿಲ್ಲ. ಮೊದಲ ಸೂಜಿಯ ದಿನ ತೋರಿದ ತಾಳ್ಮೆಯೇ ಕೊನೆಯ ಸೂಜಿಯವರೆಗೆ ಮಗುವನ್ನು ಕರೆದೊಯ್ಯುತ್ತದೆ.

ಈಗ ಮತ್ತೆ ಆ ದ್ರಾಕ್ಷಿ ತೋಟದ ಮನೆಯನ್ನು ನೆನೆಯಿರಿ. ತಡವಾಗಿಯಾದರೂ ಆ ದಂಪತಿಗಳು ಕೂಸಿನೊಡನೆ ಬಂದಿದ್ದಾರೆ. ಈ ಸಲ ಒಂದೇ ಸೂಜಿ. ತಾಯಿ ಕುಳಿತು ಮೊಲೆಯೂಡುತ್ತಿದ್ದಾಳೆ, ತಂದೆ ಪಕ್ಕದಲ್ಲಿದ್ದಾನೆ. ಸೂಜಿ ತಾಗಿದಾಗ ಕೂಸು ಒಮ್ಮೆ ಅತ್ತಿತು. ಮತ್ತೆ ಮೊಲೆ ಹಿಡಿಯಿತು. ಸ್ವಲ್ಪ ಹೊತ್ತಿನಲ್ಲಿಯೇ ಕಣ್ಣು ಮುಚ್ಚಿತು. ನೋವು ಇಲ್ಲವಾಗಲಿಲ್ಲ, ಆದರೆ ಕೂಸು ನೋವಿನಲ್ಲಿ ಒಂಟಿಯಾಗಲಿಲ್ಲ. ಕಾರ್ಡಿನಲ್ಲಿ ಮುಂದಿನ ದಿನಾಂಕ ಬರೆಯಿಸಿಕೊಂಡು ಅವರು ಊರಿಗೆ ಹೊರಟರು.

ದಂಪತಿಗಳೇ, ಸೂಜಿ ದಾದಿಯ ಕೈಯಲ್ಲಿದೆ. ಸಮಾಧಾನ ನಿಮ್ಮ ಕೈಯಲ್ಲಿದೆ.

ಮನೆಯಲ್ಲಿ ಕೂಡಿ ವಿಚಾರಿಸಿರಿ

1. ನಿಮ್ಮ ಮಗುವಿನ ಮುಂದಿನ ಲಸಿಕೆ ಯಾವ ದಿನ? ಅಂದು ತಂದೆಯೂ ಜೊತೆಗೆ ಬರಲು ಏನು ಏರ್ಪಾಡು ಮಾಡಿಕೊಳ್ಳುವಿರಿ?

2. ಕೂಸಿಗೆ ಸೂಜಿ ಹಾಕುವ ಎಷ್ಟು ಹೊತ್ತಿನ ಮೊದಲು ಎದೆಹಾಲು ಆರಂಭಿಸಬೇಕು? ಎಲ್ಲಿಯವರೆಗೆ ಮುಂದುವರಿಸಬೇಕು?

3. ಸೂಜಿಯ ಹೆಸರಿನಲ್ಲಿ ನಿಮ್ಮ ಮನೆಯಲ್ಲಿ ಮಕ್ಕಳನ್ನು ಹೆದರಿಸುವುದುಂಟೇ? ಅದರ ಬದಲು ಏನು ಹೇಳಬಹುದು?

4. ಸೂಜಿ ಹಾಕಿದ ಜಾಗಕ್ಕೆ ಏನನ್ನು ಹಚ್ಚಬಾರದು? ಯಾವ ಲಕ್ಷಣ ಕಂಡರೆ ಕೂಡಲೇ ದವಾಖಾನೆಗೆ ಹೋಗಬೇಕು?